ಚಿಕ್ಕಬಸವಯ್ಯನವರ ಮೀನಿನ ಫೈಲು

ಮೂವತ್ತಮೂರು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಟಪಾಲು ಗುಮಾಸ್ತರಾಗಿದ್ದ ಚಿಕ್ಕಬಸವಯ್ಯನವರು ಒಂದೇ ಒಂದು ಕಾಗದವನ್ನೂ ಮಾರನೆಯ ದಿನಕ್ಕೆ ಉಳಿಸಿಕೊಂಡವರಲ್ಲ. ಬಂದ ಕಾಗದ ಬಂದ ದಿನವೇ ಹೋಗಬೇಕು. ಹೋಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನಿವೃತ್ತಿಯ ದಿನ ಸಾಹೇಬರು ತಮ್ಮ ಭಾಷಣದಲ್ಲಿ ಇದನ್ನೇ ಹೊಗಳಿ, ಒಂದು ಗೋಡೆ ಗಡಿಯಾರ ಕೈಗಿಟ್ಟು ಕಳಿಸಿಕೊಟ್ಟರು. ಹೊತ್ತು ಕಳೆಯುವುದು ಹೇಗೆಂದು ಗೊತ್ತಿಲ್ಲದ ಮನುಷ್ಯನಿಗೆ ಗಡಿಯಾರ ಕೊಡುವ ಪದ್ಧತಿಯನ್ನು ಯಾವ ಪುಣ್ಯಾತ್ಮ ಶುರುಮಾಡಿದನೋ ತಿಳಿಯದು.

ಅವರಿಗೆ ಮದುವೆಯಾಗಿರಲಿಲ್ಲ. ತಂಗಿಯರಿಬ್ಬರ ಮದುವೆ ಮುಗಿಯಲಿ ಎಂದು ಕಾದರು; ಅದು ಮುಗಿಯುವ ಹೊತ್ತಿಗೆ ಅವರಿಗೆ ನಲವತ್ತನಾಲ್ಕಾಗಿತ್ತು, ಹೆಣ್ಣು ತೋರಿಸುವವರೆಲ್ಲ ತೀರಿಕೊಂಡಿದ್ದರು. ಅಶೋಕಪುರಂನ ಎರಡು ಕೋಣೆಯ ಮನೆಯಲ್ಲಿ ಅವರು, ಗಡಿಯಾರ, ಬೀದಿಗೆ ಮುಖ ಮಾಡಿದ ಒಂದು ಉದ್ದನೆಯ ಜಗಲಿ. ಫೋನು ಬರುತ್ತಿದ್ದುದು ಒಬ್ಬಳದೇ: ಯಾವುದೋ ವಿಮೆ ಕಂಪನಿಯ ಹುಡುಗಿ. ಅವಳು ಹೇಳುವ ಯೋಜನೆಗಳನ್ನೆಲ್ಲ ಚಿಕ್ಕಬಸವಯ್ಯನವರು ಕೊನೆಯವರೆಗೆ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಧೈರ್ಯ ಮಾಡಿ, "ಊಟ ಆಯ್ತೇನಮ್ಮಾ?" ಎಂದು ಕೇಳಿದರು. ಅಂದಿನಿಂದ ಅವಳೂ ಫೋನ್ ಮಾಡಲಿಲ್ಲ.

ಇಂಥ ಮನೆಗೆ ಒಂದು ಭಾನುವಾರ ಬೆಳಿಗ್ಗೆ ಸ್ಕೌಟ್ ಮಾಸ್ಟರ್ ಮನೋಹರ್ ಬಂದರು. ಹತ್ತಿರದ ಶಾಲೆಯೊಂದರ ಪಿ.ಟಿ. ಮೇಷ್ಟ್ರು. ಕೊರಳಲ್ಲಿ ಸದಾ ಒಂದು ಸೀಟಿ. ಮಾತೂ ಸೀಟಿಯ ಹಾಗೇ ಚಿಕ್ಕದು, ಜೋರು.

"ನಮ್ಮ ಸ್ಕೌಟ್ ದಳದಲ್ಲಿ ಇಪ್ಪತ್ನಾಲ್ಕು ಮಕ್ಕಳು. ಎಲ್ಲಾ ಮೊಬೈಲ್ ಹುಳುಗಳು. ತಾಳ್ಮೆ ಅನ್ನೋದೇ ಇಲ್ಲ. ಅದಕ್ಕೇ ಮೀನು ಹಿಡಿಯೋ ಸ್ಪರ್ಧೆ ಇಡೋಣ ಅಂತ. ನೀವು ಕಪಿಲಾ ದಡದೋರಂತೆ, ಆಫೀಸ್ ಕೆಲಸಾನೂ ಗೊತ್ತಂತೆ. ಪಕ್ಕದ್ಮನೆ ಪುಟ್ಟಲಿಂಗಮ್ಮನೋರು ಹೇಳಿದ್ರು."

ಎರಡೂ ನಿಜವೇ. ಹನ್ನೆರಡನೆಯ ವಯಸ್ಸಿನವರೆಗೆ ಅವರು ನಂಜನಗೂಡಿನಾಚೆ ಹೊಳೆಯಲ್ಲಿ ಗಾಳ ಹಾಕಿ ಬೆಳೆದವರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮನೆಗೆ ಬಂದವರನ್ನು ಇನ್ನೊಂದು ಹತ್ತು ನಿಮಿಷ ಕೂರಿಸಿಕೊಳ್ಳುವ ಆಸೆಯಿಂದ ಅವರು ಕನ್ನಡಕ ತೆಗೆದು ಒರೆಸುತ್ತಾ ಗಂಭೀರವಾಗಿ ನುಡಿದರು.

"ಹಿಡಿಯೋದು ದೊಡ್ಡ ವಿಷಯ ಅಲ್ಲ ಮೇಷ್ಟ್ರೇ. ಪರ್ಮಿಷನ್ನು! ಸರ್ಕಾರಿ ಕೆರೆ, ಸರ್ಕಾರಿ ಮೀನು. ಬೇರೆಯೋರು ಹೋದ್ರೆ ಆರು ತಿಂಗಳು. ನಾನು ಹೋದ್ರೆ ಇಪ್ಪತ್ತು ದಿನ. ಮೈಸೂರಲ್ಲಿ ನನಗೆ ಗೊತ್ತಿಲ್ಲದ ಟೇಬಲ್ಲೇ ಇಲ್ಲ."

ಮನೋಹರ್ ಎದ್ದು ನಿಂತು ಮೂರು ಬೆರಳಿನ ಸೆಲ್ಯೂಟ್ ಹೊಡೆದರು. "ಇವತ್ತಿಂದ ನೀವೇ ಸಂಘಟನಾ ಕಾರ್ಯದರ್ಶಿ."

ಮಾರನೆಯ ದಿನ ಸಂಜೆ ಐದಕ್ಕೆ ಜಗಲಿ ತುಂಬಿತು. ಇಪ್ಪತ್ನಾಲ್ಕು ಮಕ್ಕಳು, ಇಪ್ಪತ್ನಾಲ್ಕು ಹಳದಿ ಸ್ಕಾರ್ಫು, ನಲವತ್ತೆಂಟು ಚಪ್ಪಲಿ. ಬಿದಿರು ಕೋಲಿಗೆ ದಾರ ಕಟ್ಟಿ, ಮುಳ್ಳಿನ ಬದಲು ಕಚೇರಿಯ ಹಳೆ ಕ್ಲಿಪ್ಪುಗಳನ್ನು ಬಗ್ಗಿಸಿ, ನೀರು ತುಂಬಿದ ಟಬ್ಬಿನಲ್ಲಿ ಚಿಕ್ಕಬಸವಯ್ಯನವರು ಪಾಠ ಶುರುಮಾಡಿದರು. ಬೆಂಡು ಮುಳುಗುವುದು ಹೇಗೆ, ಎಳೆಯುವುದು ಯಾವಾಗ, ಎರೆಹುಳುವಿಗೆ ಹೇಸಬಾರದೇಕೆ. ಸ್ಪರ್ಧೆಗೆ ಗೊತ್ತುಮಾಡಿದ್ದ ಹುಣಸೆಕಟ್ಟೆ ಕೆರೆಯಲ್ಲಿ ಜಿಲೇಬಿ ಮೀನು ಜಾಸ್ತಿ ಎಂದಾಗ ಮಕ್ಕಳು ಕುಣಿದಾಡಿದರು. ಅದು ಸಿಹಿಯಿರುವುದಿಲ್ಲ ಎಂದು ನಂಬಿಸಲು ಒಂದು ಸಂಜೆ ಹಿಡಿಯಿತು. ಎರಡನೆಯ ದಿನ ಆಟೋ ಮಹದೇವನ ಲುಂಗಿ ಗಾಳಕ್ಕೆ ಸಿಕ್ಕಿತು. ಅವನು ಬಯ್ಯುತ್ತಾ ಬಂದವನು, ನೋಡುತ್ತಾ ನಿಂತು, ಕೊನೆಗೆ ತಾನೂ ಒಂದು ಕೋಲು ಕೇಳಿ ಪಡೆದ.

ಪುಟ್ಟಲಿಂಗಮ್ಮ ಗೋಡೆಯಾಚೆಯಿಂದ ನಿಯಮಾವಳಿಯನ್ನು ವಿಚಾರಿಸಿದರು. ಅವರ ಮೊಮ್ಮಗಳು ಕೀರ್ತಿಯೂ ದಳದಲ್ಲಿದ್ದಳು.

"ಇಡಿದ ಮೀನ ಏನ್ ಮಾಡದು?"

"ತೂಕ ನೋಡಿ ವಾಪಸ್ ನೀರಿಗೆ ಬಿಡೋದು ಪುಟ್ಟಲಿಂಗಮ್ಮ. ಮಕ್ಕಳಿಗೆ ದಯೆ ಬರಬೇಕು."

"ಬುಡದಾ?" ಎಂದರು ಆಕೆ, ಕಿವಿಯನ್ನೇ ನಂಬದವರಂತೆ. "ಬುಡಾದಾದ್ರೆ ಯಾಕ್ ಇಡೀಬೇಕು? ಅದೇನ್ ನೆಂಟರೇನಣ್ಣಾ, ಕರ್ದು ಮಾತಾಡ್ಸಿ ಕಳ್ಸಕ್ಕೆ?"

ಮೂರು ಸಂಜೆ ಹೀಗೆ ಕಳೆದ ಮೇಲೆ ಗುರುವಾರ ಚಿಕ್ಕಬಸವಯ್ಯನವರು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೊರಟರು. ಇಪ್ಪತ್ತು ದಿನದ ಯುದ್ಧಕ್ಕೆ ಸಿದ್ಧರಾಗಿಯೇ ಹೋಗಿದ್ದರು: ಅರ್ಜಿ ಮೂರು ಪ್ರತಿ, ಮಕ್ಕಳ ಪಟ್ಟಿ, ಕೆರೆಯ ನಕ್ಷೆ, ಮಧ್ಯಾಹ್ನಕ್ಕೆ ಹೋಟೆಲಿನಿಂದ ಕಟ್ಟಿಸಿಕೊಂಡ ಚಿತ್ರಾನ್ನ.

ಅಧಿಕಾರಿಯ ಹೆಸರು ಪ್ರದ್ಯುಮ್ನ. ಸಣ್ಣ ಆಳು, ಮೆಲುದನಿ. ಅರ್ಜಿ ಓದಿ ಮುಖ ಅರಳಿಸಿದರು.

"ಮಕ್ಕಳಾ? ಮೀನು ಹಿಡಿಯಕ್ಕಾ? ಬಹಳ ಸಂತೋಷ ಕಣ್ರೀ." ಅಲ್ಲೇ ಪೆನ್ನು ತೆಗೆದರು.

ಚಿಕ್ಕಬಸವಯ್ಯನವರು ಕುರ್ಚಿಯ ಅಂಚಿಗೆ ಸರಿದರು. "ಸಾರ್, ಸ್ಥಳ ಪರಿಶೀಲನೆ ಮಾಡಬೇಕಲ್ವಾ?"

"ಹುಣಸೆಕಟ್ಟೆ ಕೆರೆ ತಾನೇ? ನೋಡಿದ್ದೀನಿ. ದಡದಲ್ಲಿ ಮೊಣಕಾಲುದ್ದ ನೀರು."

"ಮೇಲಿನವರ ಅಭಿಪ್ರಾಯ?"

"ಇದಕ್ಕೆ ನಾನೇ ಮೇಲಿನವನು."

"ಯಾವುದಕ್ಕೂ ಒಂದು ವಾರ ಬಿಟ್ಟು ಬರ್ಲಾ ಸಾರ್?"

"ಯಾಕೆ ಓಡಾಡ್ತೀರಿ ಹಿರಿಯರು? ಕೂತ್ಕೊಳಿ, ಕಾಫಿ ಕುಡೀರಿ."

ಕಾಫಿ ಮುಗಿಯುವ ಮೊದಲೇ ಪರ್ಮಿಷನ್ ಪತ್ರ ಮೊಹರಿನ ಸಮೇತ ಕೈಗೆ ಬಂತು. ಒಟ್ಟು ಹದಿನೈದು ನಿಮಿಷ. ಸರ್ಕಾರಿ ನೌಕರನೊಬ್ಬ ತನ್ನ ದಕ್ಷತೆಯಿಂದ ಇನ್ನೊಬ್ಬ ಸರ್ಕಾರಿ ನೌಕರನಿಗೆ ಇಷ್ಟು ದೊಡ್ಡ ಪೆಟ್ಟು ಕೊಟ್ಟ ಉದಾಹರಣೆ ಇನ್ನೊಂದಿರಲಾರದು. ಚಿಕ್ಕಬಸವಯ್ಯನವರು ರಿಜಿಸ್ಟರಿನಲ್ಲಿ ಸ್ವೀಕೃತಿ ಸಹಿ ಹಾಕಿದರು. ಅಭ್ಯಾಸಬಲದಿಂದ ತಾರೀಕನ್ನೂ ಗಂಟೆಯನ್ನೂ ದುಂಡಗೆ ಬರೆದು ಹೊರಬಂದರು. ಚಿತ್ರಾನ್ನವನ್ನು ಬಸ್‌ಸ್ಟಾಪಿನಲ್ಲಿ ಕೂತು ತಿಂದರು.

ಸಂಜೆ ಮಕ್ಕಳು ಸಾಲಾಗಿ ನಿಂತಿದ್ದರು. ಮನೋಹರ್ ಸೀಟಿ ಊದಿ ಕೇಳಿದರು: "ಏನಾಯ್ತು ಸಾರ್ ಪರ್ಮಿಷನ್ನು? ಸಿಕ್ಕಿಬಿಟ್ರೆ ಈ ಭಾನುವಾರವೇ ಮುಗಿಸಿಬಿಡೋಣ. ಆಮೇಲೆ ಇವರನ್ನೆಲ್ಲ ನಿಮ್ಮ ತಲೆ ಮೇಲಿಂದ ಇಳಿಸ್ತೀನಿ."

ಪತ್ರ ಅಂಗಿಯ ಒಳಜೇಬಿನಲ್ಲಿತ್ತು. ಚಿಕ್ಕಬಸವಯ್ಯನವರ ಕೈ ಅಲ್ಲಿಯವರೆಗೆ ಹೋಯಿತು. ಹೋದದ್ದು ಎದೆ ಕೆರೆದುಕೊಂಡು ವಾಪಸು ಬಂತು.

"ಫೈಲು ಮೇಲಕ್ಕೆ ಹೋಗಿದೆ" ಎಂದರು.

ಸೇವೆಯಲ್ಲಿದ್ದಾಗ ಒಂದು ಚೀಟಿಯನ್ನೂ ತಡೆದಿರದ ಮನುಷ್ಯ, ನಿವೃತ್ತನಾದ ಮೇಲೆ ತನ್ನ ಮೊದಲ ಕಡತವನ್ನು ತಡೆದದ್ದು ಹೀಗೆ. ಪತ್ರ ಅಕ್ಕಿ ಡಬ್ಬದ ತಳ ಸೇರಿತು.

ತಡೆಯುವುದು ಎಷ್ಟು ಸುಲಭವೆಂದು ಅವರಿಗೆ ಗೊತ್ತೇ ಇರಲಿಲ್ಲ. ಮುಂದಿನ ವಾರ, "ಬೆಂಗಳೂರಿಂದ ಒಂದು ಪ್ರಶ್ನೆ ಹಾಕಿದ್ದಾರೆ. ಕೆರೆಯಲ್ಲಿ ಒಟ್ಟು ಎಷ್ಟು ಮೀನಿದೆ ಅಂತ" ಎಂದರು.

"ಮೀನ್ ಎಣಿಸಕ್ಕಾಯ್ತದಾ ಸಾ?" ಎಂದ ಮಹದೇವ.

"ಅದಕ್ಕೇ ತಡ."

ಅದರ ಮುಂದಿನ ವಾರ ಗಂಡು ಮೀನು ಹೆಣ್ಣು ಮೀನಿನ ಪ್ರತ್ಯೇಕ ಪಟ್ಟಿ ಕೇಳಿದ್ದಾರೆಂದಾಯಿತು. ಯಾರೂ ಅನುಮಾನ ಪಡಲಿಲ್ಲ. ಸರ್ಕಾರದ ಬಗ್ಗೆ ಎಂಥ ಸುಳ್ಳು ಹೇಳಿದರೂ ನಂಬುವಷ್ಟು ಸೌಜನ್ಯ ನಮ್ಮ ಜನರಿಗಿದೆ. ಯಾರು ತಡೆಯುತ್ತಿದ್ದಾರೆ ಎಂಬ ಪ್ರಶ್ನೆ ಬಂದಾಗ ಮಾತ್ರ ಚಿಕ್ಕಬಸವಯ್ಯನವರು ತಡವರಿಸಿ ಪ್ರದ್ಯುಮ್ನರ ಹೆಸರು ಹೇಳಿಬಿಟ್ಟರು. ಹೇಳಿದ ಮೇಲೆ ಒಂದಿಷ್ಟು ಬಣ್ಣವೂ ಬೇಕಾಯಿತು: ಕೆಂಗಣ್ಣು, ಇಷ್ಟುದ್ದ ಮೀಸೆ, ಅರ್ಜಿಯನ್ನು ಮೇಜಿನಾಚೆ ಎಸೆಯುವ ಕೈ. ಮಕ್ಕಳು ಈಗ ಗಾಳದ ಪಾಠ ಮುಗಿದ ಮೇಲೆ 'ಪ್ರದ್ಯುಮ್ನನ ಆಟ' ಆಡತೊಡಗಿದರು. ಮೀಸೆ ಬರೆದುಕೊಂಡವನನ್ನು ಉಳಿದ ಇಪ್ಪತ್ಮೂರು ಮಂದಿ ಟಬ್ಬಿನ ಸುತ್ತ ಅಟ್ಟಿಸಿಕೊಂಡು ಹೋಗುವುದು.

ಆ ದಿನಗಳಲ್ಲಿ ಅವರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ವಾಟ್ಸಾಪ್ ಗುಂಪೊಂದು ಹುಟ್ಟಿತ್ತು. ಪುಟ್ಟಲಿಂಗಮ್ಮ ಗೋಡೆ ಮೇಲಿಂದ ಬಿಸಿ ಕಡಲೆ ಉಸಲಿ ಕೊಡುತ್ತಿದ್ದರು, "ಪಾಪ, ದಿನಾ ಆ ಪಾಪಿ ತಾವ ಅಲೀತೀಯಲ್ಲಣ್ಣ" ಎನ್ನುತ್ತಾ. ಅಲೆಯುವುದೆಂದರೆ, ಚಿಕ್ಕಬಸವಯ್ಯನವರು ಬೆಳಿಗ್ಗೆ ಹತ್ತಕ್ಕೆ ಕಡತ ಹಿಡಿದು ಹೊರಟು, ಸರಸ್ವತಿಪುರಂನ ಒಂದು ಪಾರ್ಕಿನ ಬೆಂಚಿನ ಮೇಲೆ ಕೂತು, ಎರಡಕ್ಕೆ ದಣಿದ ಮುಖ ಮಾಡಿಕೊಂಡು ಬರುತ್ತಿದ್ದರು. ಭಾನುವಾರ ಬುದ್ಧ ವಿಹಾರದಲ್ಲಿ ಪಂಚಶೀಲ ಹೇಳುವಾಗ ಮೊದಲ ಮೂರನ್ನು ಗಟ್ಟಿಯಾಗಿ ಹೇಳಿ, ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯದಕ್ಕೆ ಕೆಮ್ಮಿ, ಐದನೆಯದಕ್ಕೆ ಮತ್ತೆ ಸೇರಿಕೊಳ್ಳುತ್ತಿದ್ದರು.

ಐದನೆಯ ವಾರ ಜನರ ತಾಳ್ಮೆಯ ಕಟ್ಟೆಯೊಡೆಯಿತು. ಮಕ್ಕಳಿಗೆ ತಾಳ್ಮೆ ಕಲಿಸಲು ಹೊರಟ ಮನೋಹರ್ ಅವರದೇ ಮೊದಲು.

"ಸೋಮವಾರ ಎಲ್ಲಾ ಹೋಗೋಣ. ಮಕ್ಕಳ ಸಮೇತ. ಮನವಿ ಕೊಡೋಣ, ಅಲ್ಲೇ ಕೂರೋಣ."

"ಬೇಡಿ ಮೇಷ್ಟ್ರೇ" ಎಂದರು ಚಿಕ್ಕಬಸವಯ್ಯನವರು. "ಇನ್ನೊಂದೇ ಒಂದು ಸಹಿ ಬಾಕಿ."

"ನೀವು ಬಹಳ ಮೃದು ಸಾರ್. ಅದಕ್ಕೇ ಆಟ ಆಡಿಸ್ತಿದ್ದಾನೆ."

ಸೋಮವಾರ ಬೆಳಿಗ್ಗೆ ಚಿಕ್ಕಬಸವಯ್ಯನವರು ಕಂಬಳಿ ಹೊದ್ದು ಜ್ವರ ಬಂದಿದೆಯೆಂದು ಮಲಗಿದರು. ಪುಟ್ಟಲಿಂಗಮ್ಮ ಒಳಗೆ ಬಂದು ಹಣೆ ಮುಟ್ಟಿ ನೋಡಿ, "ಜರ ಅಲ್ಲ ಕಣಣ್ಣ, ಅವ್ನ ಕಂಡ್ರೆ ನಿಂಗೆ ಭಯ. ನಾನಿವ್ನಿ, ಏಳು ಮೇಲೆ" ಎಂದು ಎಬ್ಬಿಸಿದರು. ಆರು ಆಟೋಗಳ ಮೆರವಣಿಗೆ ಹೊರಟಿತು. ಮುಂದಿನ ಆಟೋದಲ್ಲಿ, ಕೊರಳಿಗೆ ಯಾರೋ ಹಾಕಿದ ಸೇವಂತಿಗೆ ಹಾರದೊಂದಿಗೆ, ಸಂಘಟನಾ ಕಾರ್ಯದರ್ಶಿಗಳು. ಹಿಂದಿನ ಆಟೋಗಳಿಂದ 'ಕೆರೆ ನಮ್ಮದು, ಮೀನು ನಮ್ಮದು' ಎಂಬ ಘೋಷಣೆ. ಸಿಗ್ನಲ್ಲಿನಲ್ಲಿ ನಿಂತಾಗ ಇಳಿದು ಓಡಿಹೋಗಬಹುದೇ ಎಂದು ಅವರು ಎರಡು ಸಲ ನೋಡಿದರು. ಎರಡು ಸಲವೂ ಪಕ್ಕದಲ್ಲಿದ್ದ ಪುಟ್ಟಲಿಂಗಮ್ಮ, ಬೀಳಬಾರದೆಂದು ಅವರ ತೋಳು ಹಿಡಿದುಕೊಂಡರು.

ಗದ್ದಲ ಕೇಳಿ ಪ್ರದ್ಯುಮ್ನ ಅವರೇ ಹೊರಗೆ ಬಂದರು. ಮೀಸೆಯಿಲ್ಲದ ಆ ಸಣ್ಣ ಮನುಷ್ಯನನ್ನು ಗುಮಾಸ್ತನೆಂದುಕೊಂಡು ಪುಟ್ಟಲಿಂಗಮ್ಮ, "ಎಲ್ಲಪ್ಪಾ ನಿಮ್ ಸಾಯೇಬ? ಮೀನ್ ಎಣಿಸಾಯ್ತಂತಾ?" ಎಂದರು.

"ನಾನೇ ತಾಯಿ. ಯಾವ ಮೀನು?"

ಹಾಗೆನ್ನುತ್ತಾ ಪ್ರದ್ಯುಮ್ನ ಹಾರ ಹಾಕಿಕೊಂಡ ಮುಖವನ್ನು ಗುರುತಿಸಿದರು. ಅವರ ಕಣ್ಣು ಮಿನುಗಿತು.

"ಓ, ಬನ್ನಿ ಚಿಕ್ಕಬಸವಯ್ಯನೋರೆ! ಮಕ್ಕಳನ್ನೆಲ್ಲ ಕರ್ಕೊಂಡು ಬಂದ್ಬಿಟ್ಟಿದ್ದೀರಿ! ಹೇಗಾಯ್ತು ಸ್ಪರ್ಧೆ? ನಾನೂ ಮಗಳನ್ನ ಕರ್ಕೊಂಡು ಬರೋಣ ಅಂತಿದ್ದೆ, ನೀವು ದಿನಾಂಕಾನೇ ತಿಳಿಸ್ಲಿಲ್ಲ."

ಘೋಷಣೆ ಕೂಗಲು ಬಾಯಿ ತೆರೆದಿದ್ದ ಮಹದೇವ ತೆರೆದ ಬಾಯಲ್ಲೇ ನಿಂತ. ಮನೋಹರ್ ಮುಂದೆ ಬಂದರು.

"ಸಾರ್, ನೀವು ಪರ್ಮಿಷನ್ನೇ ಕೊಟ್ಟಿಲ್ವಲ್ಲ?"

"ಹೋದ ತಿಂಗಳು ಎಂಟನೇ ತಾರೀಖೇ ಕೊಟ್ಟಿದ್ದೀನಲ್ರೀ."

ರಿಜಿಸ್ಟರು ಬಂತು. ಇಡೀ ಪುಟದಲ್ಲಿ ಅಷ್ಟು ಸ್ಫುಟವಾದ ಸಹಿ ಇನ್ನೊಂದಿರಲಿಲ್ಲ. ಹೆಸರು, ತಾರೀಕು, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಮನೋಹರ್ ಅದನ್ನು ಎರಡು ಸಲ ಓದಿದರು. ಸ್ಕೌಟ್ ನಂಬಿಕೆಗೆ ಅರ್ಹನು ಎಂಬ ಮೊದಲ ನಿಯಮವನ್ನು ಬಾಯಿಪಾಠ ಮಾಡಿದ್ದ ಮಕ್ಕಳಲ್ಲಿ ಒಬ್ಬ ಚಿಕ್ಕ ಹುಡುಗ ಎಲ್ಲರಿಗೂ ಕೇಳುವಂತೆ, "ಸಾರ್, ಹಂಗಾದ್ರೆ ತಾತ ಸುಳ್ಳು ಹೇಳಿದ್ರಾ?" ಎಂದ.

ಪುಟ್ಟಲಿಂಗಮ್ಮ ಹಿಡಿದಿದ್ದ ತೋಳನ್ನು ಬಿಟ್ಟರು.

"ಯಾಕಣ್ಣಾ?" ಎಂದರು, ಅವರ ಗಂಟಲಿನಲ್ಲಿ ಅಷ್ಟು ಸಣ್ಣ ದನಿಯೂ ಇದೆಯೆಂದು ಬೀದಿಯವರಿಗೆ ಅದುವರೆಗೆ ಗೊತ್ತಿರಲಿಲ್ಲ.

ಚಿಕ್ಕಬಸವಯ್ಯನವರು ಹಾರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೂವತ್ತಮೂರು ವರ್ಷ ಬರೆದ ಭಾಷೆಯೇ ಬಾಯಿಗೆ ಬಂತು. "ಕಣ್ತಪ್ಪಿನಿಂದ ಆಗಿದೆ" ಎಂದರು.

ಮರಳುವಾಗ ಆಟೋಗಳಲ್ಲಿ ಜಾಗವಿರಲಿಲ್ಲ. ಇದ್ದಿರಬಹುದು, ಯಾರೂ ಕರೆಯಲಿಲ್ಲ. ಅವರು ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಬಂದರು.

ಅಂದು ಸಂಜೆ ಐದಕ್ಕೆ ಟಬ್ಬಿಗೆ ನೀರು ತುಂಬಿಸಿ ಕೂತರು. ಮಂಗಳವಾರ ತುಂಬಿಸಲಿಲ್ಲ. ವಾಟ್ಸಾಪ್ ಗುಂಪಿನಿಂದ ಅವರನ್ನು ಯಾರೂ ತೆಗೆಯಲಿಲ್ಲ. ಎಲ್ಲರೂ ಸೇರಿ ಇನ್ನೊಂದು ಗುಂಪು ಮಾಡಿಕೊಂಡಿದ್ದರು, ಅಷ್ಟೆ. ಹಳೆಯದರಲ್ಲಿ ಈಗ ಅವರೊಬ್ಬರ 'ಶುಭೋದಯ' ಮಾತ್ರ ದಿನವೂ ಬೀಳುತ್ತಿತ್ತು. ಬೀದಿಯಲ್ಲಿ ಮಹದೇವ ಎದುರಾದರೆ ಆಟೋದ ಹಾರ್ನನ್ನು ಪರೀಕ್ಷಿಸುವವನಂತೆ ತಲೆ ತಗ್ಗಿಸುತ್ತಿದ್ದ. ಬೈದಿದ್ದರೆ ಎಷ್ಟೋ ವಾಸಿ. ಮೈಸೂರಿನವರ ಕೋಪದ ತೊಂದರೆಯೇ ಇದು. ಅದಕ್ಕೆ ದನಿ ಇರುವುದಿಲ್ಲ, ಮರ್ಯಾದೆ ಮಾತ್ರ ಇರುತ್ತದೆ.

ಶನಿವಾರ ಮನೋಹರ್ ಬಂದರು. ಒಳಗೆ ಬರಲಿಲ್ಲ.

"ಕೋಲು ತಗೊಂಡು ಹೋಗಕ್ಕೆ ಬಂದೆ ಸಾರ್. ನಾಳೆ ಸ್ಪರ್ಧೆ."

ಚಿಕ್ಕಬಸವಯ್ಯನವರು ಇಪ್ಪತ್ನಾಲ್ಕು ಕೋಲುಗಳನ್ನೂ ಎರಡು ಕಟ್ಟು ಮಾಡಿ ಎತ್ತಿಕೊಟ್ಟರು. ಅಕ್ಕಿ ಡಬ್ಬದ ತಳದಿಂದ ಪತ್ರವನ್ನು ತೆಗೆದು, ಒರೆಸಿ, ಅದನ್ನೂ ಕೊಟ್ಟರು. "ಬೆಳಿಗ್ಗೆ ಏಳರೊಳಗೆ ಗಾಳ ಹಾಕ್ಸಿ ಮೇಷ್ಟ್ರೇ. ಬಿಸಿಲೇರಿದ್ರೆ ಮೀನು ಕಚ್ಚಲ್ಲ."

"ನೋಡೋಣ ಸಾರ್." ಮನೋಹರ್ ಸ್ವಲ್ಪ ಹೊತ್ತು ಸೀಟಿಯನ್ನು ತಿರುಗಿಸುತ್ತಾ ನಿಂತರು. "ನೀವು ದಣಿದಿರ್ತೀರಿ. ಬರ್ಲೇಬೇಕು ಅಂತ ಬಲವಂತ ಏನಿಲ್ಲ."

ಭಾನುವಾರ ಆಟೋಗಳು ಹೊರಟದ್ದು ಒಂಬತ್ತೂವರೆಗೆ. ಚಿಕ್ಕಬಸವಯ್ಯನವರು ಬಾಗಿಲ ಹಿಂದೆ ನಿಂತು ಎಣಿಸಿದರು, ಆರು. ಆಮೇಲೆ ಜಗಲಿ ತೊಳೆದರು. ತೊಳೆದ ಜಗಲಿಯನ್ನು ಒಣಗಿದ ಮೇಲೆ ಮತ್ತೆ ಗುಡಿಸಿದರು. ಅನ್ನ ಮಾಡಿದರು, ಮೊಸರು ಹಾಕಿಕೊಂಡು ಉಂಡರು. ಮಧ್ಯಾಹ್ನ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅದೂ ಕೆರೆಗೆ ಹೋಗಿರಬೇಕು. ನಾಲ್ಕಕ್ಕೆ ಆಟೋಗಳು ಬಂದವು, ಗದ್ದಲವಾಯಿತು, ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಇವರ ಬಾಗಿಲು ತೆರೆದೇ ಇತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪುಟ್ಟಲಿಂಗಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ಸೆರಗಿನಿಂದ ಮುಚ್ಚಿದ ಒಂದು ಸ್ಟೀಲ್ ಡಬರಿ. ಅದನ್ನು ಜಗಲಿಯ ಮೇಲೆ ಕುಕ್ಕಿದರು.

"ಮೀನ್ ಸಾರು."

"ಯಾರು ಗೆದ್ರು?" ಎಂದರು ಚಿಕ್ಕಬಸವಯ್ಯನವರು.

"ಯಾರ್ ಗೆಲ್ತಾರೆ! ಮೇಷ್ಟ್ರು ಭಾಷಣ ಮುಗ್ಸೋ ಒತ್ಗೆ ಅನ್ನೊಂದ್ ಗಂಟೆ. ಮೀನ್ಗೆಲ್ಲ ನಿದ್ದೆ ಬಂದಿತ್ತು. ನಮ್ ಐಕ್ಳು ಗಾಳ ಇಟ್ಕಂಡು ಕೂತು ಕೂತು ಮೂರು ತೂಕಡ್ಸಿ ಬಿದ್ವು. ಕೊನೆಗೆ ಸಿಕ್ಕಿದ್ದು ಒಂದೇ ಒಂದು ಜಿಲೇಬಿ, ಅದೂ ಆ ಸಾಯೇಬ್ರ ಮಗ್ಳಿಗೆ. ಮೇಷ್ಟ್ರು ಕರ್ದಿದ್ರು ಅವರ್ನ, ತಪ್ಪಾಯ್ತು ಅಂತ. ಆ ಕೂಸು ಮೀನ್ ನೋಡಿ ಕಿರ್ಚಿ ಕೋಲ್ ಬಿಸಾಕ್ಬುಡ್ತು. ಅಪ್ಪನೂ ಮಗ್ಳೂ ಮುಟ್ಟೋ ಪೈಕಿ ಅಲ್ಲ. ಮೇಷ್ಟ್ರು ನೀರಿಗ್ ಬುಡ್ಬೇಕು ಅಂತ ಕೈ ಚಾಚೋದ್ರೊಳ್ಗೆ ನಾನು ಸೆರಗ್ಗಾಕ್ಕಂಡೆ."

ಚಿಕ್ಕಬಸವಯ್ಯನವರು ನಗಬಹುದೋ ಬಾರದೋ ತಿಳಿಯದೆ ಡಬರಿಯನ್ನು ನೋಡಿದರು.

"ಈಗೇಳಣ್ಣ. ಕಣ್ತಪ್ಪು ಗಿಣ್ತಪ್ಪು ಬ್ಯಾಡ. ಯಾಕಂಗ್ ಮಾಡ್ದೆ?"

"ಮುಗಿದುಹೋಗ್ತಿತ್ತು ಪುಟ್ಟಲಿಂಗಮ್ಮ" ಎಂದರು ಅವರು. "ಪರ್ಮಿಷನ್ ಬಂತು ಅಂದಿದ್ರೆ ಆ ಭಾನುವಾರಕ್ಕೇ ಎಲ್ಲಾ ಮುಗಿದುಹೋಗ್ತಿತ್ತು."

ಪುಟ್ಟಲಿಂಗಮ್ಮ ಬೀದಿಯ ಕಡೆ ನೋಡಿದರು, ಖಾಲಿ ಟಬ್ಬಿನ ಕಡೆ ನೋಡಿದರು. ಮೂಗು ಒರೆಸಿಕೊಂಡು, "ಉಪ್ಪು ವಸಿ ಜಾಸ್ತಿ ಆಗದೆ. ಅನ್ನ ಜಾಸ್ತಿ ಕಲಸ್ಕೊ" ಎಂದು ಹೊರಟುಹೋದರು.

ಚಿಕ್ಕಬಸವಯ್ಯನವರು ಉಂಡರು. ಅಂಗೈಯಗಲದ ಮೀನಿನಲ್ಲಿ ಅವರ ಪಾಲಿಗೆ ಬಾಲದ ತುಂಡು ಬಂದಿತ್ತು. ಉಂಡು, ಡಬರಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂದು ಅವರ ಅವ್ವ ಹೇಳುತ್ತಿದ್ದರು. ಏನು ಹಾಕುವುದು? ಅಡಿಗೆಮನೆಯನ್ನೆಲ್ಲ ಹುಡುಕಿದರು. ಅಕ್ಕಿ, ಮೊಸರು, ಅರ್ಧ ಪೊಟ್ಟಣ ರಸ್ಕು. ಕೊನೆಗೆ ಸಕ್ಕರೆ ತುಂಬಿಸಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದರು.

ಪುಟ್ಟಲಿಂಗಮ್ಮ ಮುಚ್ಚಳ ತೆಗೆದು ನೋಡಿದರು. "ಸಕ್ರೆನಾ? ನಮ್ಮನೇಲಿ ನನ್ಗೂ ಸುಗರ್ರು, ಮಗನ್ಗೂ ಸುಗರ್ರು. ತಕೊಂಡೋಗು."

"ಪಾತ್ರೆ ಬರಿದಾಗಿ ಕೊಡಬಾರ್ದಲ್ಲ."

"ಕೊಡ್ಬ್ಯಾಡ. ಏನಾರ ಮಾಡ್ಬುಟ್ಟು ತಕೊಂಬಾ."

"ನಂಗೆ ಅನ್ನ ಬಿಟ್ಟು ಬೇರೇನೂ ಮಾಡಕ್ಕೆ ಬರಲ್ಲ ಪುಟ್ಟಲಿಂಗಮ್ಮ. ಕಲಿಯೋ ಅಷ್ಟೊತ್ತಿಗೆ ಎಷ್ಟು ದಿನ ಆಗುತ್ತೋ ಏನೋ."

"ಆಗ್ಲಿ ಬುಡು" ಎಂದರು ಪುಟ್ಟಲಿಂಗಮ್ಮ. "ಬರ್ದಿದ್ರೆ ಗೋಡೆ ತಾವ ಬಂದು ಕೇಳು, ಯೋಳ್ಕೊಡ್ತೀನಿ. ನಾಳೀಕ್ ಉಪ್ಪಿಟ್ಟು."

ಬಾಗಿಲು ಮುಚ್ಚಿತು. ಚಿಕ್ಕಬಸವಯ್ಯನವರು ಸಕ್ಕರೆಯ ಡಬರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಚೆಲ್ಲದ ಹಾಗೆ, ಮನೆಗೆ ನಡೆದರು. ರವೆ ತರಬೇಕಾಗಿತ್ತು.